ಕಡಲ ಕಡೆಗೆ ಮಲಗಿದವನು

ಹೆಲ್ಲುವಿಕ್, ಫ್ಯಾರೋ ದ್ವೀಪಗಳು
ಭಾನುವಾರ, ೩ ನವೆಂಬರ್ ೨೦೨೪

ಪ್ರೀತಿಯ ತ್ರೋಂದುರ್,

ನೀನೂ ರಾಕುಲಳೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ನನ್ನ ಕೈಸೇರಿದ್ದು ಸೆಪ್ಟೆಂಬರ್ ಹದಿನೆಂಟರಂದು. ಇಂದಿಗೆ ನಲವತ್ತಾರು ದಿನಗಳಾದವು. ಇಷ್ಟು ತಡವಾದುದಕ್ಕೆ ಕ್ಷಮೆ ಕೇಳುತ್ತೇನೆ. ಅಕ್ಟೋಬರಿನ ಬಿರುಗಾಳಿಗೆ ಉತ್ತರದ ರಸ್ತೆಗಳ ನಾಲ್ಕು ಗಾಳಿಮಾಪಕಗಳು ಮುರಿದುಬಿದ್ದದ್ದೂ, ನಾನು ಏಣಿ ಹೊತ್ತು ಬೆಟ್ಟದಿಂದ ಬೆಟ್ಟಕ್ಕೆ ಅಲೆದದ್ದೂ ನಿಜ. ಅದನ್ನೇ ಕಾರಣವೆಂದು ಬರೆಯಬಹುದಿತ್ತು. ಆದರೆ ಏಣಿ ಇಳಿದ ಮೇಲೆ ದಿನಾ ಸಂಜೆ ಬಿಡುವಿತ್ತು, ಕಾಗದವಿತ್ತು, ನಿನ್ನ ಪತ್ರವೂ ಕಾಫಿ ಪಾತ್ರೆಯ ಪಕ್ಕದಲ್ಲೇ ಇತ್ತು. ಐದು ಸಲ ಆರಂಭಿಸಿ ಐದು ಸಲವೂ ಒಲೆಗೆ ಹಾಕಿದೆ.

ಸೊಂಟದ ಶಸ್ತ್ರಚಿಕಿತ್ಸೆಯ ನಂತರ ನೀನು ಕೋಲಿಲ್ಲದೆ ಮಹಡಿ ಹತ್ತುತ್ತಿದ್ದೀಯೆಂದು ರಾಕುಲ್ ತನ್ನತ್ತೆಗೆ, ನಿಮ್ಮಮ್ಮನಿಗೆ, ಫೋನಿನಲ್ಲಿ ತಿಳಿಸಿದಳಂತೆ. ಸಂತೋಷ. ಡೆನ್ಮಾರ್ಕಿನ ಸಪಾಟು ನೆಲ ಹೊಸ ಸೊಂಟಕ್ಕೆ ಒಳ್ಳೆಯದೇ. ಆದರೂ ಇಳಿಜಾರಿಲ್ಲದ ಊರಿನಲ್ಲಿ ನೀನು ಹೇಗೆ ನಡೆಯುತ್ತೀಯೆಂದು ಊಹಿಸಲು ನನಗೆ ಕಷ್ಟವಾಗುತ್ತದೆ. ಇಲ್ಲಿ ಕುರಿ ಕಡಿಯುವ ಕೆಲಸ ಮುಗಿಯಿತು. ಈ ಸಲ ಹವೆ ಬೆಚ್ಚಗಿದ್ದುದರಿಂದ ಒಣಮನೆಯಲ್ಲಿ ತೂಗುಹಾಕಿದ ಮಾಂಸ ಹದ ತಪ್ಪೀತೆಂದು ಎಲ್ಲರಿಗೂ ಆತಂಕ. ನಿನ್ನ ಪಾಲಿನ ತೊಡೆಯನ್ನು ಕಿಟಕಿಯ ಬಳಿ, ಗಾಳಿ ನೇರವಾಗಿ ಹಾಯುವಲ್ಲಿ ಕಟ್ಟಿದ್ದೇನೆ.

ಇನ್ನು ಅಂಚೆಚೀಟಿಯ ವಿಷಯ.

ದೇಶದ ಪರವಾಗಿ ಹತ್ತೊಂಬತ್ತು ಗೋಲು ಹೊಡೆದವನ ಚಿತ್ರ ಅಂಚೆಚೀಟಿಯ ಮೇಲೆ ಬರುವುದು ನ್ಯಾಯವೇ. ನೀನು ಆಟ ಬಿಟ್ಟು ಹದಿನಾರು ವರ್ಷಗಳಾದರೂ ಆ ಸಂಖ್ಯೆಯ ಹತ್ತಿರಕ್ಕೂ ಯಾರೂ ಬಂದಿಲ್ಲ. ಅದಕ್ಕೆ ಅಂಚೆಯವರು ಆರಿಸಿರುವ ಚಿತ್ರ ೨೦೦೧ರ ಅಕ್ಟೋಬರ್ ಆರರ ಪೆನಾಲ್ಟಿಯದು, ಹಳೆಯ ದಾಖಲೆಯನ್ನು ಮುರಿದ ಹನ್ನೆರಡನೆಯ ಗೋಲಿನದು ಎಂಬುದೂ ಸಹಜ. ನೀನು ಓಡಿಬರುತ್ತಿದ್ದೀಯೆ; ನಾನು ನೆಲದ ಮೇಲೆ ಬೋರಲಾಗಿ ಮಲಗಿ ಚೆಂಡಿನತ್ತ ಕೈ ಚಾಚಿದ್ದೇನೆ. ನನ್ನ ಮುಖವೂ ಇರುವುದರಿಂದ ನನ್ನ ಸಹಿ ಬೇಕು, ಈ ತಿಂಗಳ ಹದಿನೈದರೊಳಗೆ. ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅರ್ಧ ಚೀಟಿ ನಿಂದು ಕಣೋ. ಚೆಂಡು ಹಿಡಿದೋನಿಲ್ದೆ ಹೊಡೆದೋನು ಯಾರು? ನೀನು ಸಹಿ ಹಾಕ್ದಿದ್ರೆ ನನ್ನ ಮೋರೆನೂ ಬೇಡ ಅಂತ ಹೇಳ್ಬಿಟ್ಟಿದೀನಿ ಅವ್ರಿಗೆ."

ನಾನು ಸಹಿ ಹಾಕಿಲ್ಲ. ಹಾಕಲಾರೆ. ನಿನ್ನ ಗೌರವಕ್ಕೆ ನಾನು ಅಡ್ಡ ನಿಂತಂತಾಗಬಾರದು, ನಮ್ಮ ಸ್ನೇಹವೂ ಕೆಡಬಾರದು ಎಂದು ಕಾರಣವನ್ನು ಬರೆಯುತ್ತಿದ್ದೇನೆ. ಅಳತೆಯ ಕೆಲಸ ಮಾಡುವವನು ನಾನು. ಅಡಿಪಾಯದಿಂದ ಆರಂಭಿಸದೆ ನನಗೆ ಏನನ್ನೂ ಹೇಳಲು ಬಾರದು. ನಿನಗೆ ಗೊತ್ತಿರುವುದನ್ನೇ ಕೆಲವೆಡೆ ಹೇಳಿದರೆ ಸಹಿಸಿಕೋ.

ಚಿತ್ರ ಬರೆಯುತ್ತಿರುವ ಹುಡುಗಿಯ ಹೆಸರು ಬಿರ್ನಾ. ಕೋಪನ್‌ಹೇಗನ್ನಿನಲ್ಲಿ ಬೆಳೆದವಳು. ಆಗಸ್ಟಿನಲ್ಲಿ ಅವಳು ನನಗೆ ಮೊದಲ ಸಲ ಫೋನ್ ಮಾಡಿದಾಗ, ಒಬ್ಬ ಆಟಗಾರ ಮೈದಾನದಲ್ಲಿ ಮಲಗಿರುವುದೇಕೆ, ಅವನಿಗೆ ಪೆಟ್ಟಾಗಿದೆಯೇ ಎಂದು ಕೇಳಿದಳು. ನಮ್ಮ ಗಾಳಿಯಲ್ಲಿ ಚೆಂಡು ಇಟ್ಟಲ್ಲಿ ನಿಲ್ಲುವುದಿಲ್ಲ, ಹೊಡೆಯುವವನು ಹತ್ತಿರ ಬರುವ ತನಕ ಜೊತೆಗಾರನೊಬ್ಬ ಮಲಗಿಕೊಂಡು ಚೆಂಡಿನ ನೆತ್ತಿಯನ್ನು ಬೆರಳ ತುದಿಯಿಂದ ಒತ್ತಿ ಹಿಡಿಯುತ್ತಾನೆ, ಕಾಲು ತಾಗುವ ಕ್ಷಣಕ್ಕೆ ಮೊದಲು ಬೆರಳು ತೆಗೆಯುತ್ತಾನೆ, ನಮ್ಮ ದ್ವೀಪಗಳಿಗೆಂದೇ ಅದಕ್ಕೆ ಅನುಮತಿ ಇತ್ತು ಎಂದು ವಿವರಿಸಿದೆ. ಹಾಗಿದ್ದರೆ ಬೆರಳಿಗೆ ಒದೆ ಬೀಳುವುದಿಲ್ಲವೇ ಎಂದಳು. ಅದಕ್ಕೇ ನಂಬಿಕೆಯವನು ಬೇಕು ಎಂದೆ. ಆ ಮಾತನ್ನು ಹೇಳಿದ ಮೇಲೆ ನನಗೆ ಫೋನ್ ಕೆಳಗಿಡಬೇಕೆನಿಸಿತು.

ಆ ವಿದ್ಯೆಯಲ್ಲಿ ನಿನ್ನಣ್ಣ ಹಾನುಸನನ್ನು ಮೀರಿಸಿದವರಿಲ್ಲ. ನಿನಗೆ ಒಂಬತ್ತು ವರ್ಷವಿದ್ದಾಗಿನಿಂದ ನಮ್ಮೂರ ತಂಡದಲ್ಲಿ ನಿನ್ನ ಚೆಂಡನ್ನು ಅವನೇ ಹಿಡಿದ. ಉಳಿದವರೆಲ್ಲ ಚೆಂಡಿನಿಂದ ಬೆಟ್ಟದ ಕಡೆಗೆ, ಗಾಳಿಗೆ ಮುಖ ಕೊಟ್ಟು ಮಲಗುತ್ತಿದ್ದೆವು. ಅವನೊಬ್ಬ ಕಡಲ ಕಡೆಗೆ ಮಲಗುತ್ತಿದ್ದ, ತನ್ನ ಮೈಯನ್ನೇ ಗೋಡೆಯಾಗಿಸಿ. ನೀನು ಬೆಳಗ್ಗೆ ಮೀನು ಕಾರ್ಖಾನೆಯಲ್ಲಿ ಕತ್ತಿ ಹಿಡಿದು, ಮಧ್ಯಾಹ್ನ ಅದೇ ವಾಸನೆಯಲ್ಲಿ ದೇಶದ ಅಂಗಿ ತೊಟ್ಟು ಆಡಿದ ದಿನಗಳವು. ಪರದೇಶದ ಆಟಗಾರರು ನಿನ್ನ ಹತ್ತಿರ ಬರಲು ಹೇಸುತ್ತಾರೆ, ಅದರಿಂದಲೇ ನಿನಗೆ ಗೋಲು ಸಿಗುತ್ತದೆ ಎಂದು ಹಾನುಸ್ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಡ್ಯಾನಿಶ್ ತಂಡವೊಂದು ನಿನ್ನನ್ನು ಎರಡು ಚಳಿಗಾಲ ಬೆಂಚಿನ ಮೇಲೆ ಕೂರಿಸಿ ವಾಪಸು ಕಳಿಸಿದಾಗ ಬಂದರಿಗೆ ಬಂದು ನಿನ್ನ ಪೆಟ್ಟಿಗೆ ಹೊತ್ತವನೂ ಅವನೇ.

೧೯೯೯ರ ಫೆಬ್ರವರಿಯನ್ನು ಬರೆಯದೆ ಮುಂದೆ ಹೋಗಲಾಗದು. ಗಾಳದ ಹಡಗಿನ ಸರದಿ ನಿನ್ನದಿತ್ತು. ಅದೇ ವಾರ ದಕ್ಷಿಣದ ಬಿಸಿಲು ದ್ವೀಪವೊಂದರಲ್ಲಿ ದೇಶದ ಪಂದ್ಯ. ಬದಲಿ ಆಳು ಕೊಡದೆ ಬಿಡಲಾರೆನೆಂದು ಕ್ಯಾಪ್ಟನ್ ಪಟ್ಟುಹಿಡಿದ. ನಿಮ್ಮ ಅಡುಗೆಮನೆಯಲ್ಲಿ ನಾವು ಮೂವರೂ ಕುಳಿತಿದ್ದೆವು. ಹಾನುಸ್ ಬ್ರೆಡ್ಡಿಗೆ ರೂಬಾರ್ಬ್ ಜಾಮ್ ಸವರುತ್ತ, ತಲೆಯೆತ್ತದೆ ಹೇಳಿದ: "ನೀನು ಬೆಚ್ಚಗಿರೋ ಕಡೆ ಹೋಗಿ ಗೋಲು ಹೊಡ್ಕೊಂಡು ಬಾ. ನಿನ್ನ ಪಾಲಿನ ಮೀನು ನಾನು ಹಿಡಿದಿರ್ತೀನಿ." ನೀನು ಎಂಟನೆಯ ಗೋಲು ಹೊಡೆದ ಮಧ್ಯಾಹ್ನವೇ ಅಲೆಯೊಂದು ಅವನನ್ನು ಹಡಗಿನ ಡೆಕ್ಕಿನಿಂದ ಎಳೆದೊಯ್ದಿತು. ದೇಹ ಸಿಗಲಿಲ್ಲ.

ಆಮೇಲೆ ಚೆಂಡು ಹಿಡಿಯಲು ನೀನು ನನ್ನನ್ನು ಕರೆದೆ. ದೇಶದ ತಂಡದಲ್ಲಿ ನಾನು ಎಡಗಡೆಯ ಹಿಂದಿನ ಆಟಗಾರ. ಪೆನಾಲ್ಟಿಯ ಹತ್ತಿರ ನನಗೆ ಬೇರೆ ಕೆಲಸವಿರಲಿಲ್ಲ. "ನಿನ್ನ ಬೆರಳಿಗೆ ಉಂಗುರವಂತೂ ಇಲ್ಲ, ಕೆಲಸನಾದ್ರೂ ಇರ್ಲಿ ಬಾ" ಎಂದೆ ನೀನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡು ವರ್ಷಗಳಲ್ಲಿ ಮೂರು ಸಲ ಹಿಡಿದೆ, ಮೂರೂ ಸಲ ಸರಿಯಾಗಿಯೇ ಹಿಡಿದೆ.

ನಾಲ್ಕನೆಯದು ಆ ದಿನದ್ದು. ರಾಜಧಾನಿಯ ಮೈದಾನವನ್ನು ಅಗೆದುಹಾಕಿದ್ದರಿಂದ ಪಂದ್ಯ ನಮ್ಮ ಹೆಲ್ಲುವಿಕ್ಕಿಗೇ ಬಂದಿತ್ತು. ಮೂರು ಕಡೆ ಬೆಟ್ಟ, ಒಂದು ಕಡೆ ಕಡಲು. ಬಾಲ್ಟಿಕ್ ಕಡೆಯ ತಂಡ, ಒಂದಕ್ಕೊಂದು ಸಮ, ಎಂಬತ್ತೆಂಟನೆಯ ನಿಮಿಷ. ಮಳೆ ಇರಲಿಲ್ಲ. ಹಿಂದಿನ ದಿನವೂ ಇರಲಿಲ್ಲ. ಗಾಳಿ ಮಾತ್ರ ನೇರ ಕಡಲಿನಿಂದ ಬರುತ್ತಿತ್ತು.

ಕಳೆದ ತಿಂಗಳು ಬಿರ್ನಾ ಮತ್ತೆ ಫೋನ್ ಮಾಡಿದಳು. ದೂರದರ್ಶನದವರ ಹಳೆಯ ಚಿತ್ರಸುರುಳಿ ಅವಳಿಗೆ ಸಿಕ್ಕಿತ್ತು. ತುಂಬ ಸಂಕೋಚದಿಂದ ಕೇಳಿದಳು: "ಸಾಮಲ್, ಬೇಜಾರಾಗ್ಬೇಡಿ. ನೀವು ಹಿಡಿದಿದ್ದು ಯಾವ ಕೈಯಲ್ಲಿ?"

ಬಲಗೈ ಎಂದೆ.

"ನಿಮ್ಮ ಬಲಗೈ ನೆಲದ ಮೇಲಿದೆ ಅಲ್ವಾ. ಎಡಗೈನೂ ನೆಲದ ಮೇಲಿದೆ. ನಾನು ಚಿತ್ರದಲ್ಲಿ ಬೆರಳು ಎಲ್ಲಿ ಬರೀಲಿ?"

ಆ ಸುರುಳಿಯ ಪ್ರತಿಯನ್ನೂ ಹಿಂದಿನ ಪಂದ್ಯಗಳದ್ದನ್ನೂ ತರಿಸಿಕೊಂಡು ಬಿಡಿಬಿಡಿಯಾಗಿ ನೋಡಿದೆ. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರಗಳು. ಹಿಂದಿನ ಮೂರು ಪೆನಾಲ್ಟಿಗಳಲ್ಲಿ ನಿನ್ನ ಕಾಲು ತಾಗುವುದಕ್ಕೆ ನಾಲ್ಕೋ ಐದೋ ಚಿತ್ರಗಳ ಮುಂಚೆ ನನ್ನ ಬೆರಳು ಮೇಲೇಳುತ್ತದೆ. ಇದರಲ್ಲಿ ಐವತ್ತೆಂಟು. ನೀನು ಇನ್ನೂ ಮೊದಲ ಹೆಜ್ಜೆ ಇಟ್ಟಿರಲಿಲ್ಲ. ಎರಡು ಸೆಕೆಂಡಿಗೂ ಮಿಕ್ಕಿ ಆ ಚೆಂಡನ್ನು ಯಾರೂ ಹಿಡಿದಿರಲಿಲ್ಲ, ಅದು ಕದಲಲಿಲ್ಲ.

ಬೆರಳನ್ನು ಏಕೆ ಎತ್ತಿದೆನೆಂದು ನೀನು ಕೇಳುವೆ. ಚಳಿಗೆ ಮರಗಟ್ಟಿತ್ತು.

ಗಾಳಿ ಆ ಕ್ಷಣಕ್ಕೆ ಬಿದ್ದುಹೋಗಿತ್ತೆಂದು ಯಾರಾದರೂ ಹೇಳಬಹುದು. ಮೊದಲು ನಾನೂ ಹಾಗೇ ಅಂದುಕೊಂಡೆ. ಬಂದರಿನ ಗಾಳಿಮಾಪಕದ ಹಳೆಯ ದಾಖಲೆ ನನ್ನ ಕಚೇರಿಯಲ್ಲೇ ಇದೆ. ಆ ಐದು ನಿಮಿಷಗಳಲ್ಲಿ ಗಾಳಿ ಸೆಕೆಂಡಿಗೆ ಹದಿನೇಳು ಮೀಟರಿಗಿಂತ ಕೆಳಗೆ ಇಳಿದೇ ಇಲ್ಲ. ಚಿತ್ರದಲ್ಲೂ ಮೂಲೆಯ ಬಾವುಟ ಮಲಗಿಕೊಂಡಿದೆ, ಗೋಲ್‌ಕೀಪರನ ಅಂಗಿ ಬೆನ್ನಿಗೆ ಅಂಟಿಕೊಂಡಿದೆ, ಯಾರೋ ಎಸೆದ ಕಾಗದದ ಲೋಟವೊಂದು ನನ್ನ ಕಾಲುಗಳನ್ನು ದಾಟಿ ಉರುಳಿಹೋಗುತ್ತದೆ. ಚೆಂಡಿನ ಸುತ್ತ ಒಂದು ಮಾರಿನಷ್ಟು ಜಾಗದಲ್ಲಿ ಮಾತ್ರ ಹುಲ್ಲೆಳೆ ಅಲುಗುತ್ತಿಲ್ಲ.

ಅಕ್ಟೋಬರ್ ಇಪ್ಪತ್ತೆರಡರ ಮಂಗಳವಾರ ಅದೇ ದಿಕ್ಕಿನಿಂದ ಅಷ್ಟೇ ಬಲವಾದ ಗಾಳಿ ಎದ್ದಾಗ ನಾನು ಮೈದಾನಕ್ಕೆ ಹೋಗಿ ಅದೇ ಜಾಗದಲ್ಲಿ ಚೆಂಡಿಟ್ಟು ನೋಡಿದೆ. ನಲವತ್ತು ಸಲ ಇಟ್ಟೆ. ನಲವತ್ತು ಸಲವೂ ಉರುಳಿತು. ಅತಿ ಹೆಚ್ಚೆಂದರೆ ಮುಕ್ಕಾಲು ಸೆಕೆಂಡು ನಿಂತಿತು. ಬೇಲಿಯಾಚೆ ಕುರಿ ಹೊಡೆಯುತ್ತಿದ್ದ ಮುದುಕ ನಿಕ್ಕಲಸ್ ಬಹಳ ಹೊತ್ತು ನೋಡಿ, "ಐವತ್ತೆರಡಕ್ಕೆ ಆಟ ಶುರು ಮಾಡ್ದೆಯೇನಯ್ಯ? ಗೋಲ್‌ಕೀಪರ್ ಬೇಕಾದ್ರೆ ಹೇಳು, ನನ್ನ ಟಗರು ಖಾಲಿ ಇದೆ" ಎಂದ. ಅವನು ಹೋದ ಮೇಲೆ ಇನ್ನೂ ಒಂದು ಸಲ ಇಟ್ಟೆ, ಈ ಸಲ ಪಕ್ಕದಲ್ಲಿ ಮಲಗಿಕೊಂಡು, ಅಂದು ಮಲಗಿದ್ದ ಹಾಗೆಯೇ, ಬೆಟ್ಟದ ಕಡೆಗೆ. ಅದೂ ಉರುಳಿತು. ಎದ್ದು ಬರಲು ನನಗೆ ಸ್ವಲ್ಪ ಸಮಯ ಹಿಡಿಯಿತು.

ಚಿತ್ರಸುರುಳಿಯಲ್ಲಿ ಇಲ್ಲದ ಎರಡು ಸಂಗತಿಗಳಿವೆ. ಅವುಗಳಿಗೆ ನನ್ನ ಮಾತಲ್ಲದೆ ಬೇರೆ ಸಾಕ್ಷಿಯಿಲ್ಲ. ಮೊದಲನೆಯದು: ಬೆರಳೆತ್ತಿದ ಮರುಕ್ಷಣವೇ ನನ್ನ ಮುಖಕ್ಕೆ ಹೊಡೆಯುತ್ತಿದ್ದ ಗಾಳಿ ನಿಂತಿತು. ಮೂರು ಸಾವಿರ ಜನರ ಗದ್ದಲ ಗೋಡೆಯ ಆಚೆಗೆ ಹೋದಂತೆ ದೂರವಾಯಿತು. ಒದ್ದೆ ಉಣ್ಣೆಯ ವಾಸನೆ ಬಂತು, ಮತ್ತು ಗಾಳದ ಹಗ್ಗಕ್ಕೆ ಬಳಿಯುವ ಡಾಂಬರಿನದು. ಎರಡನೆಯದು: ಗೋಲಾದ ಮೇಲೆ ನೀವೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದಾಗ ನಾನು ಮಲಗಿದಲ್ಲೇ ಇದ್ದೆ. ಹೆಮ್ಮೆಯಿಂದ ಅಳುತ್ತಿದ್ದಾನೆ ಎಂದು ಮರುದಿನದ ಪತ್ರಿಕೆ ಬರೆಯಿತು. ಚೆಂಡು ಇದ್ದ ಗುರುತಿನ ಆಚೆ ಬದಿಗೆ, ಕಡಲ ಕಡೆಗೆ, ಒಬ್ಬ ಮನುಷ್ಯನ ಉದ್ದಕ್ಕೆ ಹುಲ್ಲು ತೊಯ್ದು ಮಲಗಿತ್ತು. ಉಳಿದೆಲ್ಲ ಕಡೆ ಒಣಗಿತ್ತು. ಬೆರಳಿಂದ ಮುಟ್ಟಿ ನಾಲಿಗೆಗೆ ಇಟ್ಟುಕೊಂಡೆ. ಉಪ್ಪು. ಕಡಲಂಚಿನ ಮೈದಾನದಲ್ಲಿ ಉಪ್ಪು ಇರುವುದು ಆಶ್ಚರ್ಯವಲ್ಲ ಎಂಬುದನ್ನೂ ನಾನು ಇಲ್ಲಿ ಬರೆಯಬೇಕು.

ಕಳೆದ ಭಾನುವಾರ ನಿಮ್ಮಮ್ಮನನ್ನು ನೋಡಲು ವೃದ್ಧರ ಮನೆಗೆ ಹೋಗಿದ್ದೆ. ಮಾರ್ಯುನ್ ಅಮ್ಮನಿಗೆ ಈಗ ಕಣ್ಣು ಮಬ್ಬು, ಆದರೆ ಹೆಣಿಗೆ ಇನ್ನೂ ತಪ್ಪುವುದಿಲ್ಲ. ನಿನ್ನ ಆಟ ತೋರಿಸುತ್ತೇನೆಂದು ಸುರುಳಿಯನ್ನು ಪರದೆಯ ಮೇಲೆ ಹಾಕಿದೆ. ನೀನು ಅವಳಿಗೆ ಗುರುತು ಸಿಗಲಿಲ್ಲ. ಇದನ್ನು ಬರೆದದ್ದಕ್ಕೆ ನೊಂದುಕೊಳ್ಳಬೇಡ. ಪೆನಾಲ್ಟಿ ಬಂದಾಗ ಸೂಜಿ ನಿಲ್ಲಿಸಿ ಮುಂದಕ್ಕೆ ಬಾಗಿದಳು.

"ನೋಡು, ಟೋಪಿ ಹಾಕ್ಕೊಂಡಿಲ್ಲ ಅವನು" ಎಂದಳು. "ತಲೆ ಪೂರಾ ಒದ್ದೆ. ಶೀತ ಆಗತ್ತೆ."

ಯಾರು ಎಂದು ಕೇಳಿದೆ.

"ಯಾರು ಅಂತೀಯಲ್ಲ. ಹಾನುಸ್. ಅಲ್ಲೇ ಮಲಗಿದಾನಲ್ಲ, ನಿನ್ನೆದುರಿಗೆ."

ಪರದೆಯ ಮೇಲೆ ನನ್ನೆದುರಿಗೆ ಇದ್ದದ್ದು ಚೆಂಡು, ಅದರಾಚೆ ಬರಿಯ ಹುಲ್ಲು. ನನಗೆ ಕಾಣುತ್ತಿಲ್ಲವೆಂದು ಹೇಳಿದೆ. ಅವಳು ತಿರುಗಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು; ಆ ಕಣ್ಣಿಗೆ ಅಷ್ಟು ಹತ್ತಿರದ್ದು ಕಾಣುತ್ತದೋ ಇಲ್ಲವೋ ತಿಳಿಯೆ. ಆಮೇಲೆ ನನ್ನ ಕೈಯ ಮೇಲೆ ಕೈಯಿಟ್ಟು, "ನಿನಗಾದ್ರೂ ಕಾಣಿಸ್ಬೇಕಿತ್ತಲ್ಲ ಮಗು" ಎಂದಳು. ಮತ್ತೆ ಹೆಣಿಗೆಗೆ ತಿರುಗಿದಳು. ದಾದಿ ಕಾಫಿ ತಂದಳು. ನಾವು ಹವೆಯ ಬಗ್ಗೆ ಮಾತನಾಡಿದೆವು.

ಇಷ್ಟನ್ನೂ ನೋಡಿದ ಮೇಲೆ, ಚೆಂಡು ಹಿಡಿದವನೆಂದು ನನ್ನ ಮುಖವನ್ನು ಮನೆಮನೆಯ ಲಕೋಟೆಯ ಮೇಲೆ ಅಂಟಿಸಲು ನಾನು ಹೇಗೆ ಒಪ್ಪಲಿ? ಅದು ತಪ್ಪು ಅಳತೆಗೆ ಮುದ್ರೆ ಒತ್ತಿದಂತೆ. ನನ್ನ ವಿನಂತಿ ಇಷ್ಟೇ: ನೀನು ನಿನ್ನ ಹಟ ಬಿಡು, ನನ್ನನ್ನು ಚಿತ್ರದಿಂದ ತೆಗೆಸು. ನೀನೂ ಚೆಂಡೂ ಇರಲಿ, ಅದರಾಚೆ ಹುಲ್ಲು ಇರಲಿ. ಬಿರ್ನಾಳಿಗೆ ನಾನಾಗಲೇ ಕೇಳಿದ್ದೇನೆ, ಸಾಧ್ಯವೆಂದಳು. ಕೆಳಗೆ ಚೆಂಡು ಹಿಡಿದವನ ಹೆಸರು ಬರೆಯುವುದಾದರೆ ಹಾನುಸ್ ಎಂದು ಬರೆಯಲಿ. ಊರಿನವರು ಅದನ್ನು ತಮ್ಮನು ಅಣ್ಣನಿಗೆ ಸಲ್ಲಿಸಿದ ಗೌರವವೆಂದೇ ತಿಳಿಯುತ್ತಾರೆ. ನೀನೂ ಹಾಗೆಯೇ ತಿಳಿಯಬಹುದು. ಗೋಲು ನಿನ್ನದೇ, ಅದರಲ್ಲಿ ಯಾವ ಸಂದೇಹವೂ ಇಲ್ಲ.

ನಿನ್ನ ಸೊಂಟ ಬೇಗ ಗಟ್ಟಿಯಾಗಲಿ. ರಾಕುಲಳಿಗೂ ಸುಖವಿರಲಿ. ದೇವರು ನಿಮ್ಮ ಮನೆಯನ್ನು ಬೆಚ್ಚಗಿಡಲಿ, ಹಿಮದ ದಿನಗಳಲ್ಲಿ ನಿನ್ನ ಹೆಜ್ಜೆ ಜಾರದಂತೆ ಕಾಯಲಿ. ವಸಂತಕ್ಕೆ ಬಂದರೆ ಮಾಂಸ ಹದವಾಗಿರುತ್ತದೆ.

ಎಂದೆಂದೂ ನಿನ್ನ,
ಸಾಮಲ್

ಮರುಬರಹ: ಲಕೋಟೆಗೆ ಹಾಕಿದವನು ಹೊರತೆಗೆದು ಇದನ್ನು ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳಿದೆ. ಬೆರಳು ಮರಗಟ್ಟಿರಲಿಲ್ಲ. ಬೇಕೆಂದೇ ಎತ್ತಿದೆ. ಚೆಂಡು ಉರುಳಲಿ, ನೀನು ನೆಲವನ್ನು ಒದೆಯುವಂತಾಗಲಿ, ಆ ಗೋಲು ಆಗದೇ ಹೋಗಲಿ ಎಂದು. ನಿನ್ನ ಜಾಗದಲ್ಲಿ ಹಡಗು ಹತ್ತಿದವನು ನಿನಗೆ ಅಣ್ಣನಾಗಿದ್ದ. ನನಗೆ ಏನಾಗಿದ್ದನೆಂಬುದಕ್ಕೆ ನಾವಿಬ್ಬರೂ ಹೆಸರಿಟ್ಟಿರಲಿಲ್ಲ. ೧೯೯೫ರ ಬೇಸಿಗೆಯಿಂದ ಆ ಫೆಬ್ರವರಿಯವರೆಗೆ ನಿಮ್ಮ ದೋಣಿಮನೆಯ ಅಟ್ಟಕ್ಕಷ್ಟೇ ಅದು ಗೊತ್ತಿತ್ತು. ಅವನ ನೆನಪಿನ ಪ್ರಾರ್ಥನೆಯ ದಿನ ಊರಿನವರೆಲ್ಲ ಸಾಲಾಗಿ ಬಂದು ನಿನ್ನ ಕೈ ಹಿಡಿದರು. ನಾನೂ ಸಾಲಿನಲ್ಲಿ ನಿಂತು ನಿನ್ನ ಕೈ ಹಿಡಿದೆ. ನನ್ನ ಕೈಯನ್ನು ಯಾರೂ ಹಿಡಿಯಲಿಲ್ಲ. ಒಂದು ಸಲ ಬಾ, ಒಂದೇ ಸಲ ಎಂದು ಎರಡೂವರೆ ವರ್ಷ ದಿನಾ ಕರೆದೆ. ಅವನು ಬಂದ, ತ್ರೋಂದುರ್. ನನ್ನ ಮುಖಕ್ಕೂ ಅವನ ಮುಖಕ್ಕೂ ನಡುವೆ ಒಂದು ಚೆಂಡಿನ ಅಗಲವಷ್ಟೇ ಇತ್ತು. "ಹೊಡಿ, ತಮ್ಮಾ" ಎಂದ. ನನಗೆ ಏನನ್ನೂ ಹೇಳಲಿಲ್ಲ. ನಾನು ಮಾಡಿದ್ದನ್ನು ಅವನು ನೋಡಿದ್ದನೆಂಬ ನಾಚಿಕೆಗೆ ತಲೆ ಎತ್ತಲಾಗಲಿಲ್ಲ. ಎತ್ತುವಷ್ಟರಲ್ಲಿ ನೀನು ಹೊಡೆದಿದ್ದೆ.